ಸದ್ದು ಬೇಕು, ಮುಖ ಬೇಡ

ವಾದ್ಯದವನು ಕ್ಯಾಮೆರಾ ಹಿಡಿದರೆ ನಮ್ಮ ಕಡೆ ನಗ್ತಾರೆ. "ಊದೋದು ಬಿಟ್ಟು ಇದ್ಯಾಕೋ ನಿಂಗೆ?" ನಗಲಿ. ಅಮೆರಿಕದ ಕಪ್ಪು ಜನರ ಗಾರ್ಡನ್ ಪಾರ್ಕ್ಸ್ ಇದೇ ದಾರಿ ತುಳಿದವನು. 1912ರಲ್ಲಿ ಕ್ಯಾನ್ಸಾಸ್ ಸೀಮೆಯ ಬಡ ಮನೆಯಲ್ಲಿ ಹುಟ್ಟಿದ. ಹೊಟ್ಟೆಪಾಡಿಗೆ ಪಿಯಾನೊ ನುಡಿಸಿದ, ರೈಲಿನಲ್ಲಿ ಊಟ ಬಡಿಸಿದ. ಗುಳೆ ಹೊರಟ ಕೂಲಿಗಳ ಚಿತ್ರಗಳನ್ನು ಪತ್ರಿಕೆಯೊಂದರಲ್ಲಿ ಕಂಡವನೇ ಗಿರವಿ ಅಂಗಡಿಯಿಂದ ಹಳೇ ಕ್ಯಾಮೆರಾ ತಂದ. 1942ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿ ಗುಡಿಸುತ್ತಿದ್ದ ಎಲಾ ವಾಟ್ಸನ್ ಎಂಬ ತಾಯಿಯನ್ನು ಆ ದೇಶದ ಬಾವುಟದ ಮುಂದೆ ನಿಲ್ಲಿಸಿದ. ಒಂದು ಪಕ್ಕ ಪೊರಕೆ, ಇನ್ನೊಂದು ಪಕ್ಕ ನೆಲ ಒರೆಸುವ ಕೋಲು. ಅಷ್ಟೇ ಚಿತ್ರ. ಭಾಷಣ ಯಾಕೆ ಬೇಕು? ಸಂಗೀತವನ್ನೂ ಅವನು ಬಿಡಲಿಲ್ಲ. 1969ರಲ್ಲಿ ತನ್ನ ಸಿನಿಮಾ 'ದಿ ಲರ್ನಿಂಗ್ ಟ್ರೀ'ಗೆ ತಾನೇ ಸಂಗೀತ ಕೊಟ್ಟ.

ನನಗೆ ತಮಟೆ ಹುಟ್ಟಿನ ಜೊತೆಗೇ ಹೆಗಲಿಗೆ ಬಿದ್ದದ್ದು. ಸಾವಿಗೂ ನಾವೇ, ಜಾತ್ರೆಗೂ ನಾವೇ. ಗುಡಿಯ ಒಳಗೆ ಮಾತ್ರ ಅಲ್ಲ. ಆಮೇಲೆ ಪೇಟೆಯ ಬ್ಯಾಂಡ್‌ಸೆಟ್ಟಿನಲ್ಲಿ ಹನ್ನೊಂದು ವರ್ಷ ಕ್ಲಾರಿಯೊನೆಟ್ ಊದಿದೆ. ಫೋಟೋದವನು ಬಂದರೆ "ಸ್ವಲ್ಪ ಸರ್ಕೊಳ್ರಪ್ಪಾ" ಅಂತಿದ್ದ. ಸರೀತಿದ್ವಿ. ಯಾವ ಮದುವೆ ಆಲ್ಬಮ್ಮಿನಲ್ಲೂ ನಾವಿಲ್ಲ.

ಕ್ಲಾರಿಯೊನೆಟ್ ಮಾರಿ ಕ್ಯಾಮೆರಾ ಕೊಂಡ ದಿನ ನಮ್ಮಪ್ಪ, "ಉಸಿರು ಮಾರ್ಕೊಂಡು ಬಂದ್ಯಲ್ಲೋ" ಅಂದ. ತಮಟೆ ಮಾರಲಿಲ್ಲ.

ನಾನು ಕಟ್ಟಿದ ಮೊದಲ ಆಲ್ಬಮ್ಮಿನಲ್ಲಿ ಒಂದಿಡೀ ಪುಟ ವಾದ್ಯದವರದೇ: ಬೆವರಿದ ಐದು ಮುಖ. "ಇವರ್ಯಾಕೆ ಇಲ್ಲಿ?" ಅಂದ್ರು ಮನೆ ಯಜಮಾನರು.

"ಮದುವೇಲಿ ಇದ್ರಲ್ಲ, ಸ್ವಾಮಿ."

ಆ ಪುಟದ ದುಡ್ಡು ಮುರ್ಕೊಂಡೇ ಕೊಟ್ರು.