ಕಲ್ಲು ಬಾಗತೈತೇನ್ರಿ?

ಸಂಕ್ರಮಣದ ಜಾತ್ರೆ ಮುಗಿದು ನಾಲ್ಕು ದಿನವಾಗಿತ್ತು. ವಿಜಯಪುರದ ಸಿದ್ಧೇಶ್ವರ ಗುಡಿಯ ಸಮೀಪದ ಓಣಿಯ ಮನೆಯೊಂದರಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ‘ಪದರು ಶಿಲೆಗಳು ಒತ್ತಡದಿಂದ ಬಾಗಿ ಮಡಿಕೆ ಪರ್ವತಗಳಾಗುತ್ತವೆ’ ಎಂಬ ಸಾಲನ್ನು ಎಂಟನೆಯ ಬಾರಿ ಓದಿ ಪುಸ್ತಕ ಮುಚ್ಚಿದಳು.

“ಅಪ್ಪಾ, ಕಲ್ಲು ಬಾಗತೈತೇನ್ರಿ?”

“ಪರೀಕ್ಷಾದಾಗ ಅದನ್ನ ಕೇಳೂದಿಲ್ಲ. ಇದ್ದದ್ದು ಬಾಯಿಪಾಠ ಮಾಡವ್ವಾ” ಎಂದರು ಅಪ್ಪ.

ತರಗತಿಯಲ್ಲೂ ಈ ಪ್ರಶ್ನೆಗೆ ನಗುವೇ ಉತ್ತರವಾಗಿತ್ತು. ಪಿಯುಸಿಯಲ್ಲಿ ವಿಜ್ಞಾನ ಬೇಡವೆಂದು ಅವಳು ಗೆಳತಿಯರ ಮುಂದೆ ಹೇಳಿಯೂ ಆಗಿತ್ತು.

ರೊಟ್ಟಿ ಬಡಿಯುತ್ತಿದ್ದ ಅವ್ವ ಇದನ್ನು ಕೇಳಿಸಿಕೊಂಡಳು. ಹಬ್ಬಕ್ಕೆ ಮಾಡಿದ್ದ ಖಡಕ್ ಸಜ್ಜಿ ರೊಟ್ಟಿಯೊಂದನ್ನು ಮಗಳ ಕೈಗಿಟ್ಟು “ಮಡಚು” ಎಂದಳು. ಅದು ಪಟ್ಟನೆ ಮುರಿಯಿತು. ಹಂಚಿನಿಂದ ಆಗಷ್ಟೇ ತೆಗೆದ ಬಿಸಿ ರೊಟ್ಟಿ ಕೊಟ್ಟಳು. ಅದು ಮುರಿಯದೆ ಮಡಚಿಕೊಂಡಿತು. ಅವ್ವ ಹೆಚ್ಚು ಓದಿದವಳಲ್ಲ. ಆದರೆ ಭೂಮಿಯೊಳಗೆ ನಡೆಯುವುದೂ ಬಹುಮಟ್ಟಿಗೆ ಇದೇ.

ಮೇಲ್ಮೈಯಲ್ಲಿ ಸುತ್ತಿಗೆಯ ಏಟಿಗೆ ಕಲ್ಲು ಒಡೆಯುತ್ತದೆ. ಆದರೆ ಕೆಳಗಿಳಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆ. ಮೇಲಿನ ಬಂಡೆಗಳ ಭಾರವೂ ಎಲ್ಲ ಕಡೆಯಿಂದ ಅದುಮುತ್ತದೆ. ಅಂಥಲ್ಲಿ ಲಕ್ಷಾಂತರ ವರ್ಷ ಬದಿಗಳಿಂದ ನಿಧಾನವಾಗಿ ಒತ್ತಿದರೆ ಕಲ್ಲು ಮುರಿಯದೆ ಬಾಗುತ್ತದೆ. ಹಾಸಿದ ಕೌದಿಯನ್ನು ಎರಡೂ ಕಡೆಯಿಂದ ತಳ್ಳಿದರೆ ಸುಕ್ಕಾಗುವುದಿಲ್ಲವೇ, ಹಾಗೆ. ಉಬ್ಬಿದ್ದು ಮೇಲ್ಮಡಿಕೆ, ತಗ್ಗಾದದ್ದು ಕೆಳಮಡಿಕೆ. ಜೇಡಿಶಿಲೆ, ಸುಣ್ಣದ ಕಲ್ಲು ಸುಲಭವಾಗಿ ಬಾಗುತ್ತವೆ. ಗಡಸು ಮರಳುಗಲ್ಲು ಬಿರುಕು ಬಿಡುವುದೇ ಹೆಚ್ಚು. ನೋಟ್‌ಬುಕ್ ಬಾಗಿಸಿದಾಗ ಹಾಳೆಗಳು ಒಂದರ ಮೇಲೊಂದು ಜಾರುವಂತೆ ಪದರಗಳೂ ಜಾರುತ್ತವೆ. ಮುರಿದು ಸರಿದರೆ ಅದು ಸ್ತರಭಂಗ.

ಸುಮಾರು 5 ಕೋಟಿ ವರ್ಷದ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಒತ್ತಿದಾಗ ಸಮುದ್ರದ ತಳದ ಪದರಗಳು ಹೀಗೆಯೇ ಮಡಿಕೆಗಟ್ಟಿ ಹಿಮಾಲಯವಾದವು. ಎವರೆಸ್ಟ್ ಶಿಖರದ ತುದಿಯಲ್ಲಿರುವುದು ಸಮುದ್ರದ ಸುಣ್ಣದ ಕಲ್ಲು. ಗಂಡಕಿ ನದಿಯ ಸಾಲಿಗ್ರಾಮಗಳು ಸಮುದ್ರಜೀವಿಗಳ ಪಳೆಯುಳಿಕೆಗಳು.

ವಿಜಯಪುರದಲ್ಲಿ ಇಂಥ ಮಡಿಕೆ ಸಿಗದು. ಗೋಳಗುಮ್ಮಟದ ಕರಿಕಲ್ಲು, ತಿಕೋಟಾ ಬಬಲೇಶ್ವರಗಳ ಎರೆಮಣ್ಣು ಎಲ್ಲವೂ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಬಳುವಳಿ. ಮಡಿಕೆ ನೋಡಲು ಕೃಷ್ಣೆಯನ್ನು ದಾಟಬೇಕು.

ಆ ವರ್ಷ ಬನದ ಹುಣ್ಣಿಮೆ ಸಂಕ್ರಮಣದ ಬೆನ್ನಿಗೇ ಬಂದಿತ್ತು. ಮನೆಮಂದಿಯೆಲ್ಲ ಬಸ್ಸಿನಲ್ಲಿ ಬನಶಂಕರಿ ಜಾತ್ರೆಗೆ ಹೊರಟರು. ಬಾಗಲಕೋಟೆ ಸೀಮೆಯ ಗುಡ್ಡವೊಂದರಲ್ಲಿ ಕಲ್ಲಿನ ಪದರಗಳು ಓರೆಯಾಗಿ ನಿಂತಿದ್ದವು. ಹುಡುಗಿ ಕಿಟಕಿಗೆ ಮುಖ ಒತ್ತಿ ನೋಡಿದಳು. ಬಾದಾಮಿಯ ಗುಹೆಗಳ ಮುಂದೆ ನಿಂತಾಗ ಅವಳಿಗೆ ಇನ್ನೊಂದು ಅಚ್ಚರಿ ಕಾದಿತ್ತು.

“ಅಪ್ಪಾ, ಅಲ್ಲಿ ಕಲ್ಲು ಓರೆ ಅದಾವು. ಇಲ್ಲಿ ಸಪಾಟ ಅದಾವು. ಯಾಕ್ರಿ?”

ಅವಳು ಕಂಡದ್ದು ಸಣ್ಣ ಸಂಗತಿಯಲ್ಲ. ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಸುತ್ತಿ 1876ರಲ್ಲಿ ವರದಿ ಪ್ರಕಟಿಸಿದರು. ಕಲಾದಗಿಯ ಹೆಸರು ಭೂವಿಜ್ಞಾನಕ್ಕೆ ಸೇರಿತು. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿನ ನೀರಿನಡಿ ಮರಳು, ಕೆಸರು, ಸುಣ್ಣ ಪದರಪದರವಾಗಿ ಕೂತು ಕಲ್ಲಾದವು. ಆಮೇಲೆ ಆ ಪದರಗಳು ಪೂರ್ವ ಪಶ್ಚಿಮವಾಗಿ ಮಡಿಕೆಗಟ್ಟಿದವು. ಮಳೆ ಗಾಳಿಗೆ ಮಡಿಕೆಗಳ ತಲೆ ಸವೆದುಹೋಯಿತು. ಆ ಸವೆದ ನೆಲದ ಮೇಲೆ ಹೊಸ ಮರಳು ಕೂತು ಬಾದಾಮಿಯ ಮರಳುಗಲ್ಲಾಯಿತು. ಆಮೇಲೆ ಮಡಿಕೆ ಬೀಳುವಂಥ ಒತ್ತಡ ಬರಲಿಲ್ಲ. ಆದ್ದರಿಂದ ಅದು ಸಪಾಟಾಗಿಯೇ ಉಳಿಯಿತು. 6ನೆಯ ಶತಮಾನದಲ್ಲಿ ಚಾಲುಕ್ಯರು ಗುಹೆ ಕೊರೆದದ್ದು ಆ ಕಲ್ಲಿನಲ್ಲೇ.

ಅಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಆದರೆ ಈ ಸಲ ಅವರು ಬಾಯಿಪಾಠದ ಮಾತೆತ್ತಲಿಲ್ಲ. ಬಂಡೆಯನ್ನೇ ತುಸು ಹೊತ್ತು ನೋಡಿದರು.

“ನನಗ ಗೊತ್ತಿಲ್ಲವ್ವಾ. ನಿಮ್ಮ ಸರ್‌ಗೆ ಕೇಳು. ನಕ್ಕರ, ಮತ್ತೊಮ್ಮೆ ಕೇಳು” ಎಂದರು.