ರಕ್ಸೌಲಿನ ಗಡಿಯೂ ಕರಿಯ ಜ್ವರವೂ

ಕಾಶೀ ಗಯಾಕ್ಷೇತ್ರಗಳ ಯಾತ್ರೆಯನ್ನು ಮುಗಿಸಿ ಪಶುಪತಿನಾಥನ ದರ್ಶನಕ್ಕೆ ಹೊರಡುವವರಿಗೆ ರಕ್ಸೌಲು ಬಹು ಕಾಲದಿಂದಲೂ ಹೆಬ್ಬಾಗಿಲಾಗಿದೆ. ಬಿಹಾರದ ಪೂರ್ವ ಚಂಪಾರಣ್ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಈ ಊರಿನ ಆಚೆಗೆ ನೇಪಾಳದ ಬೀರ್‌ಗಂಜ್ ಪಟ್ಟಣವಿರುವುದು. ಮೋತಿಹಾರಿಯಿಂದ ಬರುವ ರೈಲು ದಾರಿಯಲ್ಲಿ ಸುಗೌಲಿಯನ್ನು ಹಾಯುತ್ತದೆ. ಅಲ್ಲಿ ೧೮೧೫ರಲ್ಲಿ ಆದ ಒಪ್ಪಂದವು ಮರುವರ್ಷ ಜಾರಿಗೆ ಬಂದು ನೇಪಾಳದ ಮೇರೆಯನ್ನು ನಿರ್ಣಯಿಸಿತು. ಆದರೆ ಕಾಗದದ ಮೇಲೆ ಎಳೆದ ಗೆರೆಯು ನೆಲದ ಮೇಲೆ ಎಷ್ಟು ತೆಳುವಾಗಿದೆಯೆಂಬುದನ್ನು ರಕ್ಸೌಲಿನಲ್ಲಿ ನಿಂತು ನೋಡಿದವರೇ ಬಲ್ಲರು.

ಊರಿನ ತುದಿಯಲ್ಲಿ ಸಿರ್ಸಿಯಾ ಎಂಬ ಸಣ್ಣ ನದಿ. ಅದನ್ನು ದಾಟಿದರೆ ಶಂಕರಾಚಾರ್ಯರ ಹೆಸರಿನ ಮಹಾದ್ವಾರ. ದಕ್ಷಿಣದಿಂದ ಬಂದವನಿಗೆ ಅಷ್ಟು ದೂರದಲ್ಲಿ ಆ ಹೆಸರು ಕಂಡಾಗ ಉಂಟಾಗುವ ಸಂತೋಷವನ್ನು ವಾಚಕರೇ ಊಹಿಸಿಕೊಳ್ಳಬಹುದು. ದ್ವಾರದಡಿಯಲ್ಲಿ ಟಾಂಗಾಗಳೂ ಸೈಕಲ್ಲುಗಳೂ ಸರಕಿನ ಲಾರಿಗಳೂ ನಿಲ್ಲದೆ ಹರಿಯುತ್ತಿರುವುವು. ೧೯೫೦ರ ಮೈತ್ರಿಯ ಒಪ್ಪಂದಕ್ಕೆ ಅನುಸಾರವಾಗಿ ಎರಡು ದೇಶಗಳ ಪ್ರಜೆಗಳೂ ರಹದಾರಿಯಿಲ್ಲದೆ ಹೋಗಿಬರಬಹುದು. ಈ ನಂಟಿಗೆ ಅಲ್ಲಿಯ ಜನರು 'ರೋಟಿ-ಬೇಟಿ'ಯ ಸಂಬಂಧವೆನ್ನುತ್ತಾರೆ. ಅನ್ನವೂ ಇಲ್ಲಿಯದೇ, ಸೊಸೆಯೂ ಇಲ್ಲಿಯವಳೇ ಎಂದು ತಾತ್ಪರ್ಯ. ಪರ್ವತಪ್ರಾಂತದ ನೇಪಾಳಿಗಳು ಕಾವಲಿನ ಕೆಲಸಕ್ಕೂ ಹೋಟೆಲಿನ ಕೆಲಸಕ್ಕೂ ನಮ್ಮ ನಗರಗಳಿಗೆ ಬರುತ್ತಾರೆ. ಬಿಹಾರದ ಗಾರೆಯವರೂ ವ್ಯಾಪಾರಿಗಳೂ ಆ ಕಡೆಗೆ ಹೋಗುತ್ತಾರೆ.

ನಾನು ಅಲ್ಲಿ ತಂಗಿದ್ದಾಗ ನಿಲ್ದಾಣದ ಬಳಿಯ ಚಹದ ಅಂಗಡಿಯಲ್ಲಿ, ಬಿಸಿಲಿನಲ್ಲಿಯೂ ಕಂಬಳಿ ಹೊದೆದು ಕುಳಿತಿದ್ದ ಯುವಕನೊಬ್ಬನನ್ನು ಕಂಡೆನು. ಆತನು ಗಡಿಯಾಚೆಯ ಹಳ್ಳಿಯವನು. ಇಟ್ಟಿಗೆಯ ಗೂಡಿನಲ್ಲಿ ದುಡಿದು ಮನೆಗೆ ಹಿಂದಿರುಗುತ್ತಿದ್ದನು. "ಮಾಸ್ಟರ್ ಜೀ, ಜ್ವರ ಬಂದು ಇಪ್ಪತ್ತು ದಿನಗಳಾದುವು. ಮಲಗಿದರೆ ಕೂಲಿಯಿಲ್ಲ. ಅಂಗಡಿಯ ಮಾತ್ರೆ ನುಂಗಿ ಕೆಲಸಕ್ಕೆ ಹೋದೆ" ಎಂದನು. ಕೈಕಾಲು ಕಡ್ಡಿಯಾಗಿದ್ದುವು, ಹೊಟ್ಟೆಯ ಎಡಭಾಗ ಮಾತ್ರ ಉಬ್ಬಿತ್ತು. ಅಂಗಡಿಯವನು ಮೆಲ್ಲನೆ, "ಕಾಲಾ ಅಜಾರ್ ಇದ್ದೀತು, ಆಸ್ಪತ್ರೆಗೆ ಹೋಗು ಭಾಯಿ" ಎಂದನು.

ಕಾಲಾ ಎಂದರೆ ಕಪ್ಪು, ಅಜಾರ್ ಎಂದರೆ ಪಾರಸೀಕ ಭಾಷೆಯಲ್ಲಿ ರೋಗ. ರೋಗಿಯ ಮೈಬಣ್ಣ ಕಪ್ಪಿಡುವುದರಿಂದ ಈ ಹೆಸರು ಬಂದಿತು. ಸಂಸ್ಕೃತದ ಕಾಲಶಬ್ದಕ್ಕೆ ಮೃತ್ಯುವೆಂಬ ಅರ್ಥವೂ ಉಂಟು. ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚುಕಡಿಮೆ ಎಲ್ಲ ರೋಗಿಗಳೂ ಸಾಯುವುದರಿಂದ ಆ ಅರ್ಥವೂ ಇಲ್ಲಿ ಸಲ್ಲುತ್ತದೆ. ಇದನ್ನು ಹರಡುವುದು ಸೊಳ್ಳೆಗಿಂತಲೂ ಬಹಳ ಚಿಕ್ಕದಾದ ಮರಳುನೊಣ. ಮಣ್ಣಿನ ಗೋಡೆಯ ಬಿರುಕುಗಳಲ್ಲಿಯೂ ದನದ ಕೊಟ್ಟಿಗೆಯ ತೇವದಲ್ಲಿಯೂ ಅದು ವಾಸಿಸುತ್ತದೆ. ಎತ್ತರಕ್ಕೆ ಹಾರಲಾರದು, ಬಹು ದೂರ ಹೋಗಲಾರದು. ಆದುದರಿಂದ ರೋಗವನ್ನು ದೂರದೇಶಗಳಿಗೆ ಒಯ್ಯುವುದು ನೊಣವಲ್ಲ, ಮನುಷ್ಯನ ಸಂಚಾರವೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಜ್ವರವು ಗಾರೋ ಬೆಟ್ಟಗಳ ಕಡೆಯಿಂದ ಬ್ರಹ್ಮಪುತ್ರೆಯ ಕಣಿವೆಯನ್ನು ಹೊಕ್ಕು, ಜನಸಂಚಾರದ ದಾರಿಗಳನ್ನೇ ಹಿಡಿದು ಅಸ್ಸಾಮಿನಲ್ಲಿ ಮೇಲೇರಿತು. ರೋಗಾಣುವು ಗೊತ್ತಾದುದೂ ಒಬ್ಬ ಪ್ರವಾಸಿಯಿಂದಲೇ: ಕಲ್ಕತ್ತೆಯ ಬಳಿಯ ದಂ-ದಂ ಛಾವಣಿಯಲ್ಲಿದ್ದು ಇಂಗ್ಲೆಂಡಿಗೆ ಮರಳಿ ಮೃತನಾದ ಸಿಪಾಯಿಯ ಗುಲ್ಮದಲ್ಲಿ ಅದನ್ನು ಕಂಡ ಲೀಷ್‌ಮನ್ನರು ೧೯೦೩ರಲ್ಲಿ ಪ್ರಕಟಿಸಿದರು, ಅದೇ ವರ್ಷ ಮದರಾಸಿನಲ್ಲಿ ಡೊನೊವನ್ನರೂ ಕಂಡರು. ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಗಳ ಯೂರಿಯಾ ಸ್ಟಿಬಮೈನ್ ಎಂಬ ಔಷಧವು ಮುಂದೆ ಅಸಂಖ್ಯ ಜನರ ಪ್ರಾಣವನ್ನುಳಿಸಿತು.

ಮಲೇರಿಯಾಕ್ಕೆಂದು ಸಿಂಪಡಿಸಿದ ಡಿ.ಡಿ.ಟಿ.ಯಿಂದ ಈ ರೋಗವೂ ಅಡಗಿತ್ತು. ಸಿಂಪಡಿಕೆ ನಿಂತ ಮೇಲೆ ೧೯೭೦ರ ದಶಕದಲ್ಲಿ ಬಿಹಾರದಲ್ಲಿ ಮತ್ತೆ ತಲೆಯೆತ್ತಿತು. ಒಂದು ದೇಶವು ಮಾತ್ರ ಹೋರಾಡಿದರೆ ಸಾಲದೆಂದು ಭಾರತ, ನೇಪಾಳ, ಬಾಂಗ್ಲಾದೇಶಗಳು ೨೦೦೫ರಲ್ಲಿ ಒಡಂಬಡಿಕೆ ಮಾಡಿಕೊಂಡವು. ಹತ್ತು ಸಾವಿರ ಜನರಲ್ಲಿ ವರ್ಷಕ್ಕೆ ಒಬ್ಬ ರೋಗಿಗಿಂತ ಕಡಿಮೆಯಾಗಬೇಕೆಂಬುದು ಗುರಿ. ೨೦೨೩ರಲ್ಲಿ ಬಾಂಗ್ಲಾದೇಶವು ಈ ಗುರಿಯನ್ನು ಸಾಧಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಮೊದಲಾಗಿ ಅಂಗೀಕರಿಸಿತು. ನಮ್ಮ ದೇಶದಲ್ಲಿಯೂ ರೋಗಿಗಳ ಸಂಖ್ಯೆ ಬಹಳ ಇಳಿದಿದೆ. ನೇಪಾಳದಲ್ಲಿಯೂ ಇಳಿದಿದೆಯಾದರೂ, ಹಿಂದೆ ಈ ರೋಗವಿಲ್ಲವೆಂದುಕೊಂಡಿದ್ದ ಬೆಟ್ಟದ ಜಿಲ್ಲೆಗಳಲ್ಲಿ ರೋಗಿಗಳು ಕಾಣತೊಡಗಿದ್ದಾರೆ.

ಇನ್ನುಳಿದ ಕಷ್ಟವು ಗಡಿಯದೇ. ರೋಗಿಯು ಈ ಕಡೆಯ ಆಸ್ಪತ್ರೆಯಲ್ಲಿ ಗುಣಹೊಂದಿದರೂ, ಔಷಧ ಸಿಂಪಡಿಸಬೇಕಾದ ಅವನ ಮನೆಯು ಆ ಕಡೆಯಲ್ಲಿರುತ್ತದೆ. ಸುದ್ದಿಯು ಸೇತುವೆಯನ್ನು ದಾಟದಿದ್ದರೆ ಗೋಡೆಯ ನೊಣ ಅಲ್ಲಿಯೇ ಉಳಿಯುವುದು. ಗುಣವಾದ ಕೆಲವರ ಚರ್ಮದ ಮೇಲೆ ತಿಂಗಳುಗಳೋ ವರ್ಷಗಳೋ ಕಳೆದ ಬಳಿಕ ಮಚ್ಚೆಗಳೇಳುತ್ತವೆ. ಅವರಿಗೆ ಜ್ವರವಿಲ್ಲ, ನೋವಿಲ್ಲ. ಆದುದರಿಂದ ವೈದ್ಯರಲ್ಲಿಗೆ ಹೋಗರು. ಆದರೆ ಅವರನ್ನು ಕಚ್ಚಿದ ನೊಣವು ರೋಗವನ್ನು ಮತ್ತೊಬ್ಬನಿಗೆ ಅಂಟಿಸಬಲ್ಲದು.

ಆ ಯುವಕನನ್ನು ಅಂಗಡಿಯವನೇ ಟಾಂಗಾದಲ್ಲಿ ಕೂರಿಸಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದನು. ನಾನೂ ಜೊತೆಗೆ ಹೋದೆನು. ಬೆರಳಿನ ಒಂದು ತೊಟ್ಟು ರಕ್ತದ ಪರೀಕ್ಷೆ ಅರ್ಧ ಗಂಟೆಯೊಳಗೆ ಮುಗಿದು ಅಂಗಡಿಯವನ ಊಹೆಯೇ ನಿಜವಾಯಿತು. ಈಗ ಒಂದೇ ದಿನ ನರದ ಮೂಲಕ ಕೊಡುವ ಔಷಧವೊಂದು ಬಂದಿದೆ, ಅದಕ್ಕೆ ಹಣವಿಲ್ಲವೆಂದು ವೈದ್ಯರು ಹೇಳಿದಾಗ ಆತನು ಕೇಳಿದ ಮೊದಲನೆಯ ಪ್ರಶ್ನೆ, "ಹಾಗಾದರೆ ಎಷ್ಟು ದಿನದ ಕೂಲಿ ಹೋಗುತ್ತದೆ?" ಎಂಬುದು. ಬಡವನಿಗೆ ಔಷಧವು ಉಚಿತವಾದರೂ ರೋಗವು ಉಚಿತವಲ್ಲವೆಂಬುದು ಆಗ ನನಗೆ ಮನದಟ್ಟಾಯಿತು.

ನಮ್ಮ ಊರುಗಳಲ್ಲಿಯೂ ಬಿಹಾರದ ಮತ್ತು ನೇಪಾಳದ ಕೆಲಸಗಾರರು ಮನೆ ಕಟ್ಟುತ್ತಿದ್ದಾರೆ, ಬಾಗಿಲು ಕಾಯುತ್ತಿದ್ದಾರೆ. ಅವರನ್ನು ಕಂಡು ಅಂಜಬೇಕಾದುದಿಲ್ಲ. ಈ ಜ್ವರವು ಮುಟ್ಟಿದರೆ, ಒಟ್ಟಿಗೆ ಉಂಡರೆ ಬರುವುದಲ್ಲ. ಅವರಲ್ಲಿ ಯಾರಿಗಾದರೂ ಎರಡು ವಾರಗಳಿಗೆ ಮೀರಿ ಜ್ವರವಿದ್ದರೆ, ಮನೆಯ ಯಜಮಾನನು ಒಂದು ದಿನದ ಕೂಲಿಯನ್ನು ಹಿಡಿಯದೆ ಆಸ್ಪತ್ರೆಗೆ ಕಳುಹಿಸಲಿ. ಹುಟ್ಟಿದ ಊರು ಯಾವುದೆಂದು ವೈದ್ಯರಿಗೆ ತಪ್ಪದೆ ತಿಳಿಸುವಂತೆ ಹೇಳಲಿ. ದಕ್ಷಿಣದ ವೈದ್ಯರಿಗೆ ಈ ರೋಗವು ಅಪರೂಪ. ಆ ಊರಿನ ಹೆಸರೇ ಅವರಿಗೆ ದಾರಿ ತೋರಿಸೀತು.