ಹೊಸೂರು ರಸ್ತೆಯ ಹಳೆಯ ಇಗರ್ಜಿ

ಪಾಠಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ನಾವು ಎಲೆಕ್ಟ್ರಾನಿಕ್ ಸಿಟಿಯ ಬಳಿ ಮಗನ ಮನೆಯಲ್ಲಿ ವಾಸವಾಗಿರುವೆವು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಸ್ಥಾಪಿಸಿದ ನಗರವಿದು. ಅಗ್ರಹಾರವೆಂಬ ಹೆಸರೊಂದು ಉಳಿದಿದೆ, ಉಳಿದುದೆಲ್ಲ ಗಾಜು. ಇಲ್ಲಿ ನಮಗಿಂತ ವಯಸ್ಸಾದ ಕಟ್ಟಡ ಕಣ್ಣಿಗೆ ಬೀಳುವುದು ಅಪೂರ್ವ.

ನಮ್ಮೊಡನೆ ಬಹುಕಾಲ ಇಂಗ್ಲಿಷು ಬೋಧಿಸುತ್ತಿದ್ದ ಕ್ರೈಸ್ತ ಮಿತ್ರರೊಬ್ಬರು ಈಚೆಗೆ ಮನೆಗೆ ಬಂದಿದ್ದರು. “ಪಂಡಿತರೇ, ಸೋಮನಾಥಪುರ, ಬೇಲೂರುಗಳನ್ನೆಲ್ಲ ನೀವು ನನಗೆ ತೋರಿಸಿದಿರಿ. ನಮ್ಮ ಗುಡಿಯನ್ನು ಮಾತ್ರ ಒಂದು ದಿನವೂ ನೋಡಲಿಲ್ಲ” ಎಂದರು. ಮಾತು ನಿಜವಾಗಿತ್ತು. ಮುಂದಿನ ಶನಿವಾರ ಬೆಳಗ್ಗೆ ಹೊರಟೆವು.

2010ರಲ್ಲಿ ತೆರೆದ ಮೇಲುಸೇತುವೆಯ ಮೇಲೆ ಸುಮಾರು ಹತ್ತು ಕಿಲೋಮೀಟರು ದೂರವನ್ನು ಬಸ್ಸು ಗಾಳಿಯಂತೆ ದಾಟಿತು. ಸಿಲ್ಕ್ ಬೋರ್ಡಿನಲ್ಲಿ ಇಳಿದೊಡನೆ ಆಮೆಯಾಯಿತು. ಮಡಿವಾಳ, ಆಡುಗೋಡಿ, ಕ್ರೈಸ್ತರ ರುದ್ರಭೂಮಿ, ಜಾನ್ಸನ್ ಮಾರ್ಕೆಟ್ಟು ಕಳೆದು ರಿಚ್ಮಂಡ್ ರಸ್ತೆ ಕೂಡುವೆಡೆಯ ಸಮೀಪಕ್ಕೆ ಬಂದೆವು. ಅಲ್ಲಿ ಎದುರಾದುದು ಮೊದಲು ಕಟ್ಟಡವಲ್ಲ, ಮರಗಳು. ವಾಹನಗಳ ಗದ್ದಲದ ನಡುವೆ ಹಳೆಯ ಮರಗಳ ನೆರಳಿನಲ್ಲಿ ಆಲ್ ಸೇಂಟ್ಸ್ ಇಗರ್ಜಿ ತಗ್ಗಿ ಕುಳಿತಿತ್ತು.

ಇದು 1870ರ ಕಟ್ಟಡ. ನಕ್ಷೆ ಮಾಡಿದವನು ರಾಬರ್ಟ್ ಚಿಜಮ್ ಎಂಬ ಶಿಲ್ಪಜ್ಞ. ಮುಂದೆ ಮದರಾಸಿನ ಸಮುದ್ರತೀರದಲ್ಲಿ ವಿಶ್ವವಿದ್ಯಾಲಯದ ಸೆನೇಟ್ ಹೌಸನ್ನು ಕಟ್ಟಿದವನೂ ಇವನೇ. ಅಲ್ಲಿ ಗುಮ್ಮಟಗಳಿಂದ ಹಿಂದೂ ಮುಸಲ್ಮಾನ ಶೈಲಿಗಳನ್ನು ಬೆರೆಸಿ ವೈಭವ ತೋರಿದನು. ಇಲ್ಲಿ ದಂಡಿನ ಪ್ರದೇಶದ ಜನಕ್ಕಾಗಿ ತನ್ನ ದೇಶದ ಹಳ್ಳಿಯ ಇಗರ್ಜಿಯನ್ನೇ ನೆನೆದುಕೊಂಡನೆಂದು ತೋರುವುದು. ಇಳಿಜಾರಾದ ಚಾವಣಿ, ತುದಿ ಚೂಪಾದ ಕಮಾನು, ಬಣ್ಣದ ಗಾಜಿನ ಕಿಟಕಿ, ಒಳಗೆ ಮರದ ತೊಲೆಗಳು. ಆಡಂಬರವಿಲ್ಲ.

ಜನ ಕುಳಿತುಕೊಳ್ಳುವ ಉದ್ದನೆಯ ಅಂಕಣಕ್ಕೆ ‘ನೇವ್’ ಎನ್ನುವರೆಂದು ಮಿತ್ರರು ಹೇಳಿದರು. ಲ್ಯಾಟಿನ್ನಿನ ‘ನಾವಿಸ್’, ಅಂದರೆ ಹಡಗು, ಅದರ ಮೂಲವಂತೆ. ನಮಗೆ ರೋಮಾಂಚವಾಯಿತು. ಅದು ನಮ್ಮ ‘ನೌ’ ಶಬ್ದದ ಸೋದರಿಯೇ ಅಲ್ಲವೆ! ತಲೆಯೆತ್ತಿ ನೋಡಿದರೆ ಚಾವಣಿಯ ತೊಲೆಗಳು ಮಗುಚಿ ಹಾಕಿದ ದೋಣಿಯ ಪಕ್ಕೆಲುಬುಗಳಂತೆಯೇ ಕಂಡವು. ಅದರಾಚೆಗೆ ವೇದಿಯಿರುವ ಭಾಗ. ನಮ್ಮ ನವರಂಗ ಗರ್ಭಗೃಹಗಳ ಕ್ರಮವನ್ನು ಬಲ್ಲವರಿಗೆ ಈ ವಿನ್ಯಾಸ ಅಪರಿಚಿತವೆನಿಸದು, ಬೆಳಕೊಂದೇ ವ್ಯತ್ಯಾಸ. ನಾವು ದೇವರ ಬಳಿ ಸಾರಿದಷ್ಟೂ ಕತ್ತಲೆಯನ್ನು ಕೂಡಿಸುವೆವು, ಅವರು ಬಣ್ಣದ ಬೆಳಕನ್ನು ತರುವರು.

ಚೂಪು ಕಮಾನು ಬರಿಯ ಅಲಂಕಾರವಲ್ಲ. ಅರ್ಧವೃತ್ತದ ಕಮಾನು ಗೋಡೆಯನ್ನು ಪಕ್ಕಕ್ಕೆ ಹೆಚ್ಚು ತಳ್ಳುವುದು. ಚೂಪಾದುದು ಭಾರವನ್ನು ಹೆಚ್ಚಾಗಿ ಕೆಳಕ್ಕೆ ಇಳಿಸುವುದು. ಇಂಥ ಹಳೆಯ ಗೋಡೆಗಳ ಪ್ರಾಣವಿರುವುದು ಸುಣ್ಣದ ಗಾರೆಯಲ್ಲಿ. ಗಾರೆ ತೇವವನ್ನು ಹೀರಿ ಮತ್ತೆ ಹೊರಕ್ಕೆ ಬಿಡುವುದು. ಬಿರುಕು ಕಂಡಿತೆಂದು ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆಯನ್ನು ತಿನ್ನುವುದು. ರಕ್ಷಿಸಹೊರಟವರ ಕೈಯಿಂದಲೇ ಎಷ್ಟೋ ಕಟ್ಟಡಗಳು ಹೀಗೆ ಕೆಟ್ಟಿವೆ.

ಈ ಮಾತು ಕೇಳುವಾಗ ನಮಗೆ ನಾಚಿಕೆಯಾಯಿತೆಂಬುದನ್ನು ವಾಚಕರಲ್ಲಿ ಮುಚ್ಚಿಡಲಾರೆವು. ನಮ್ಮ ಹುಟ್ಟೂರಿನ ದೇವಸ್ಥಾನಕ್ಕೆ ಹನ್ನೆರಡು ವರುಷಗಳ ಹಿಂದೆ ಜೀರ್ಣೋದ್ಧಾರವಾಯಿತು. ಕಲ್ಲುಕಂಬಗಳಿಗೆ ಎಣ್ಣೆಬಣ್ಣ ಬಳಿದರು. ನೆಲಕ್ಕೂ ಗೋಡೆಯ ಬುಡಕ್ಕೂ ಹೊಳೆಯುವ ಟೈಲ್ಸು ಹಾಸಿದರು. ಎಡಗಡೆಯ ಮೂರನೆಯ ಕಂಬದ ಬುಡದಲ್ಲಿ ಐದಾರು ಸಾಲಿನ ಹಳಗನ್ನಡ ಶಾಸನವೊಂದಿತ್ತು. ಬಾಲ್ಯದಲ್ಲಿ ಬೆರಳಾಡಿಸಿ ಅಕ್ಷರ ಕೂಡಿಸಿದ್ದೆವು, ಪ್ರತಿ ಮಾಡಿಕೊಂಡಿರಲಿಲ್ಲ. ಅದೂ ಟೈಲ್ಸಿನ ಕೆಳಗೆ ಹೋಯಿತು. ಆ ಕಾರ್ಯಕ್ಕೆ ನಾವೂ ಚಂದಾ ಕೊಟ್ಟಿದ್ದೆವು. ‘ಜೀರ್ಣ’ವಾದುದನ್ನು ‘ಉದ್ಧಾರ’ ಮಾಡುವುದೆಂದು ಮಕ್ಕಳಿಗೆ ವಿಗ್ರಹವಾಕ್ಯ ಹೇಳಿಕೊಟ್ಟವರು ನಾವೇ.

ಈ ಇಗರ್ಜಿಗೆ ಬಂದ ಕಂಟಕ ಬೇರೆ ಬಗೆಯದು. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಯೋಜಿಸಿದ ಮೆಟ್ರೋ ಮಾರ್ಗಕ್ಕೆ ಇದರ ಪಕ್ಕದಲ್ಲಿ ನೆಲದೊಳಗಿನ ನಿಲ್ದಾಣವೊಂದು ಗೊತ್ತಾಯಿತು. ಅದಕ್ಕಾಗಿ ಇಗರ್ಜಿಯ ತೋಟದ ನೆಲವನ್ನು ಕೇಳಿದರು. ಮರಗಳು ಹೋಗುವವು, ಅಗೆತದಿಂದ ಗೋಡೆಗೆ ಅಪಾಯವಾಗುವುದು ಎಂದು ಸಭೆಯವರು ಮೊರೆಯಿಟ್ಟರು. ಪರಂಪರೆಯ ರಕ್ಷಣೆಗಾಗಿ 1984ರಲ್ಲಿ ಹುಟ್ಟಿದ ಇನ್‌ಟ್ಯಾಕ್ ಸಂಸ್ಥೆಯವರೂ ದನಿಗೂಡಿಸಿದರು. ಆ ಮಾರ್ಗಕ್ಕೆ ಸಾಲ ಕೊಟ್ಟದ್ದು ಯೂರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕು. ಇವರು ಆ ಬ್ಯಾಂಕಿನ ದೂರು ವಿಭಾಗದವರೆಗೂ ಅಹವಾಲು ಒಯ್ದರು. ಮಾತುಕತೆಗಳಾಗಿ, ಬೇಕೆಂದಿದ್ದ ನೆಲ ಕಡಿಮೆಯಾಯಿತು. ಮೆಟ್ರೋ ಬೇಡವೆಂದು ನಾವು ಹೇಳುವವರಲ್ಲ. ನಮ್ಮ ಮೊಮ್ಮಗಳು ನಿತ್ಯ ಹಳದಿ ಮಾರ್ಗದಲ್ಲಿಯೇ ಕಾಲೇಜಿಗೆ ಹೋಗುವಳು. ಆದರೆ ಕೇಳುವವರಿಲ್ಲದಿದ್ದರೆ ನಕ್ಷೆಯ ಗೆರೆ ತಾನಾಗಿ ಬಾಗುವುದಿಲ್ಲ.

ಕಾನೂನುಗಳೇನೋ ಇವೆ. ಪ್ರಾಚೀನ ಸ್ಮಾರಕಗಳಿಗೆ ಕೇಂದ್ರದ್ದು 1958ರದು, ನಮ್ಮ ರಾಜ್ಯದ್ದು 1961ರದು. ಆದರೆ ಬೆಂಗಳೂರಿನಲ್ಲಿ ಪೂಜೆ ನಡೆಯುತ್ತಿರುವ ಇಗರ್ಜಿಗಳು ಬಹುಮಟ್ಟಿಗೆ ಆ ಪಟ್ಟಿಗಳ ಹೊರಗಿವೆ. ಲಾಲ್‌ಬಾಗಿನ ಕ್ರುಂಬಿಗಲ್ ಸಭಾಂಗಣ 2017ರಲ್ಲಿ ನೆಲಸಮವಾದುದನ್ನು ಅನೇಕರು ಬಲ್ಲರು. ಇಂಗ್ಲೆಂಡಿನಲ್ಲಿಯೂ ಈ ಎಚ್ಚರ ಒಮ್ಮೆಲೇ ಬಂದುದಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಪಾದ್ರಿಗಳೂ ಶಿಲ್ಪಿಗಳೂ ಹಳೆಯ ಗೋಡೆಗಳನ್ನು ಕೆರೆದು ಹಾಕುವುದನ್ನು ಕಂಡು ವಿಲಿಯಂ ಮಾರಿಸ್ ಎಂಬ ಕವಿ 1877ರಲ್ಲಿ ಅದರ ವಿರುದ್ಧ ಸಂಘವನ್ನೇ ಕಟ್ಟಿದನು. 1947ರ ಶಾಸನದಿಂದ ಅಲ್ಲಿ ಹಳೆಯ ಕಟ್ಟಡಗಳ ಪಟ್ಟಿಗೆ ಬಲ ಬಂದಿತು. ಇಂದು ಆ ದೇಶದ ಗ್ರಾಮದ ಇಗರ್ಜಿಯಲ್ಲಿ ಒಂದು ಬೆಂಚನ್ನು ತೆಗೆಯಬೇಕಾದರೂ ಧರ್ಮಪ್ರಾಂತದ ಅಪ್ಪಣೆ ಬೇಕು. 1955ರ ನಿಯಮದಂತೆ ಐದು ವರುಷಕ್ಕೊಮ್ಮೆ ಬಲ್ಲವರು ಬಂದು ಬುಡದಿಂದ ಚಾವಣಿಯವರೆಗೆ ಪರೀಕ್ಷಿಸಿ ಬರೆದಿಡುವರು. ಈ ಐದು ವರುಷದ ಪರೀಕ್ಷೆ ನಮಗೆ ಎಲ್ಲಕ್ಕಿಂತ ಹಿಡಿಸಿತು. ಇದಕ್ಕೆ ಹೆಚ್ಚು ಹಣ ಬೇಡ, ಒಂದು ಏಣಿಯೂ ಒಂದು ಪುಸ್ತಕವೂ ಸಾಕು. ಹೆಂಚೊಂದು ಸರಿದಾಗಲೇ ಕಂಡರೆ ತೊಲೆ ಕೊಳೆಯುವುದಿಲ್ಲ.

ಹೊರಗೆ ಬಂದು ಮರದಡಿಯ ಕಲ್ಲಿನ ಮೇಲೆ ಕುಳಿತು ಮಿತ್ರರು ತಂದಿದ್ದ ಕಾಫಿ ಕುಡಿದೆವು. ಚಪ್ಪಲಿಯನ್ನು ಹೊರಗೆ ಬಿಟ್ಟೇ ಒಳಗೆ ಹೋಗಿದ್ದೆವು. ಅದು ಅಗತ್ಯವಿರಲಿಲ್ಲವೆಂದು ಆಗ ಹೇಳಿ ನಕ್ಕರು.

ಮನೆಗೆ ಬಂದ ರಾತ್ರಿಯೇ ಊರಿನ ದಾಯಾದಿಗಳಿಗೆ ಕಾಗದ ಬರೆದೆವು. ಮೂರನೆಯ ಕಂಬದ ಬುಡದ ಟೈಲ್ಸನ್ನು ಮೆಲ್ಲಗೆ ಬಿಡಿಸಿ ನೋಡಬೇಕು, ಕಲ್ಲಿಗೆ ಉಳಿ ತಾಗಬಾರದು, ಖರ್ಚು ನಮ್ಮದು ಎಂದು. ಉತ್ತರ ಇನ್ನೂ ಬಂದಿಲ್ಲ. ದಸರೆಯ ರಜೆಯಲ್ಲಿ ನಾವೇ ಹೋಗುವುದೆಂದು ನಿಶ್ಚಯಿಸಿರುವೆವು, ಮಿತ್ರರೂ ಬರುವೆನೆಂದಿದ್ದಾರೆ.